ಪೆಟ್ಟಿಗೆಯೊಳಗಿನ ಆಂಟಿ

ಟೇಪು ತಿರುಗುತ್ತಿದ್ದ ಕಾಲದ ಮಾತು ಇದು. ಈಗಿನವರಿಗೆ ಹೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ವಿಶ್ವವಿದ್ಯಾಲಯದ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡಿನ ಮೇಲಿನ ಮಹಡಿಯಲ್ಲಿ, ನಾಲ್ಕು ಕೋಣೆಗಳ ಒಂದು ಸಂಶೋಧನಾ ಕೇಂದ್ರವಿತ್ತು. ಎಲ್ಲೆಲ್ಲಿಂದಲೋ ನಗರಕ್ಕೆ ಬಂದು ಸೇರಿದವರ ಮಕ್ಕಳು, ಮನೆಯಲ್ಲೊಂದು ಮಾತು ಶಾಲೆಯಲ್ಲೊಂದು ಮಾತು ಆಡುವ ಮಕ್ಕಳು, ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡುವುದು ಅಲ್ಲಿಯವರ ಕೆಲಸ. ಸಂಶೋಧಕರು ಶಾಲೆಗಳಿಗೆ ಹೋಗಿ ಮಕ್ಕಳನ್ನು ಮಾತಾಡಿಸಿ ಕ್ಯಾಸೆಟ್ಟು ತುಂಬಿಸಿಕೊಂಡು ಬರುತ್ತಿದ್ದರು. ಆ ಮಾತನ್ನೆಲ್ಲ ಕೇಳಿ ಕಾಗದಕ್ಕೆ ಇಳಿಸುತ್ತಿದ್ದವಳು ಕೊನೆಯ ಕೋಣೆಯ ಟೈಪಿಸ್ಟು. ಎಲ್ಲರ ಬಾಯಲ್ಲೂ ಅವಳು ಕಿವಿಯಮ್ಮ.

ಕಿಟಕಿ ತೆಗೆದರೆ ಸೈಕಲ್ ಬೆಲ್ಲುಗಳ ಗದ್ದಲ, ಮುಚ್ಚಿದರೆ ಸೆಕೆ. ಮುಚ್ಚಿಕೊಂಡೇ ಕೂರುತ್ತಿದ್ದಳು, ಪಾಪ. ಕಿವಿಗೆ ಸ್ಪಂಜು ಕಿತ್ತುಹೋದ ಹೆಡ್‌ಫೋನು, ಕಾಲ ಕೆಳಗೊಂದು ಪೆಡಲು. ಒತ್ತಿದರೆ ಟೇಪು ಓಡುತ್ತದೆ. ಬಿಟ್ಟರೆ ನಿಂತು, ಒಂದು ಮಾತಿನಷ್ಟು ಹಿಂದಕ್ಕೆ ಹೋಗುತ್ತದೆ. ಅದೆಷ್ಟು ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಗಂಡ ಮಾತಿಗೆ ತೊಡಗಿದರೂ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಗಂಡ ಬಸ್ ಡಿಪೋದ ಮೆಕ್ಯಾನಿಕ್ಕು, ಮಾತಿನ ಮಲ್ಲ. ಊರ ಮಕ್ಕಳಿಗೆಲ್ಲ ಕಿವಿ ಕೊಡುತ್ತೀಯ, ನನ್ನ ಸರದಿ ಬಂದಾಗ ಮಾತ್ರ ಕಿವುಡಿ ಎಂದು ರೇಗಿಸುತ್ತಿದ್ದ. ಇವತ್ತು ಯಾವ ಮಗು ಏನು ಹೇಳಿತು ಎಂದು ದಿನಾ ಪೀಡಿಸುತ್ತಿದ್ದ. ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೇಂದ್ರದ ನಿಯಮ ಹಾಗಿತ್ತು. ಕೆಮ್ಮು, ನಗು, ಸುಮ್ಮನಿದ್ದದ್ದು, ಯಾವುದನ್ನೂ ಬಿಡದೆ ಟೈಪು ಮಾಡಬೇಕು. ಆದರೆ ಯಾರ ಮುಂದೆಯೂ ಬಾಯಿ ಬಿಡಬಾರದು. ಮಕ್ಕಳಿಗೆ ಹೆಸರೂ ಇಲ್ಲ, ಬರೀ ನಂಬರು.

ಒಂದು ಮಧ್ಯಾಹ್ನ ಒಬ್ಬ ಹುಡುಗಿಯ ಟೇಪು ಬಂತು. ಏನು ಕೇಳಿದರೂ ಮೊದಲು "ತಡೀರಿ, ಹೇಳ್ತೀನಿ" ಎನ್ನುವುದು ಅವಳ ಚಾಳಿ. ನಡುವೆ, ಈ ಪೆಟ್ಟಿಗೆಯೊಳಗೆ ಯಾರು ಕೇಳುತ್ತಾರೆ ಎಂದು ವಿಚಾರಿಸಿದಳು. ನಮ್ಮ ಆಫೀಸಿನ ಒಬ್ಬ ಆಂಟಿ ಕೇಳುತ್ತಾರಮ್ಮ ಎಂದ ಸಂಶೋಧಕ, ಹೊರಗೆ ಯಾರೋ ಕರೆದರೆಂದು ಎದ್ದುಹೋದ. ಟೇಪು ತಿರುಗುತ್ತಲೇ ಇತ್ತು. ಕುರ್ಚಿ ಕಿರ್ರೆಂದಿತು. ಹುಡುಗಿಯ ದನಿ ತೀರಾ ಹತ್ತಿರ ಬಂತು.

"ಆಂಟಿ, ನಾಳೆಯಿಂದ ನಾನು ಶಾಲೆಗೆ ಬರಲ್ಲ. ಅಮ್ಮ ಕೆಲಸಕ್ಕೆ ಹೋಗ್ತಾಳೆ, ತಮ್ಮನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ನೀವು ಯಾರಿಗೂ ಹೇಳ್ಬೇಡಿ. ಮನೇಗೆ ಯಾರಾದ್ರೂ ಬಂದ್ರೆ ಅಮ್ಮ ಅಳ್ತಾಳೆ."

ಕಿವಿಯಮ್ಮ ಪೆಡಲು ಬಿಟ್ಟಳು, ಮತ್ತೆ ಒತ್ತಿದಳು. ಅಮ್ಮ ಅಳ್ತಾಳೆ. ಮತ್ತೊಮ್ಮೆ ಒತ್ತಿದಳು. ಅದೇ ಮಾತು. ಟೇಪು ಅವಳ ಕೈಗೆ ಬರುವ ಹೊತ್ತಿಗೆ ಆ ನಾಳೆ ಆಗಲೇ ಕಳೆದುಹೋಗಿತ್ತು. ಟೈಪು ಮಾಡಿಟ್ಟರೆ ಓದುವವರು ಯಾವಾಗ ಓದುತ್ತಾರೋ! ವರ್ಷದ ಕೊನೆಗೆ, ಎಲ್ಲ ಸೇರಿಸಿ. ಹೇಳಬೇಡಿ ಎಂದ ಮಗುವಿನ ಮಾತು, ಕೇಂದ್ರದ ನಿಯಮ, ಎರಡನ್ನೂ ಗಾಳಿಗೆ ತೂರಿ ನಿರ್ದೇಶಕಿಯ ಕೋಣೆಗೆ ಹೋಗಿ ಎಲ್ಲ ಒದರಿಬಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೋಡೋಣ, ನೀವು ಕೆಲಸಕ್ಕೆ ಹೋಗಿ ಎಂದರು. ಅಷ್ಟೇ.

ಆಮೇಲೆ ಏನಾಯಿತು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಒಮ್ಮೆ ನಿಯಮ ಮುರಿದವಳು ಯಾವ ಮುಖ ಹೊತ್ತು ಮತ್ತೆ ಹೋಗುವುದು? ನಿರ್ದೇಶಕಿ ನಿವೃತ್ತರಾಗಿ ಹೊರಟೇಹೋದರು. ತನ್ನ ಮಗಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಾಗಲೆಲ್ಲ ಕಿವಿಯಮ್ಮನಿಗೆ ಆ ಹುಡುಗಿಯದೇ ನೆನಪು. ಶಾಲೆ ಬಿಟ್ಟಳೋ, ಉಳಿದಳೋ? ನನ್ನ ಬಾಯಿಂದ ಆ ತಾಯಿಗೆ ಇನ್ನಷ್ಟು ಕಷ್ಟವಾಯಿತೋ?

ಕಾಲ ನಿಲ್ಲುತ್ತದೆಯೇ? ಕೇಂದ್ರ ಗಾಜಿನ ಕಟ್ಟಡಕ್ಕೆ ಹೋಯಿತು. ಸೈಕಲ್ ಬೆಲ್ಲೂ ಇಲ್ಲ, ಪೆಡಲೂ ಇಲ್ಲ. ಈಗ ಕಂಪ್ಯೂಟರೇ ಕೇಳಿ ಟೈಪು ಮಾಡುತ್ತದೆ. ನಗು ಬಿಡುತ್ತದೆ, ಅಳು ಬಿಡುತ್ತದೆ, ದಡ್ಡಮುಂಡೇದು! ಬಿಟ್ಟದ್ದನ್ನು ತುಂಬುವುದು ಕೂದಲು ನೆರೆತ ಕಿವಿಯಮ್ಮನ ಪಾಲಿಗೆ ಬಂತು. ಅಷ್ಟರಲ್ಲಿ ಹೊಸ ಸಂಶೋಧಕರು ಒಂದು ಅಧ್ಯಯನ ಶುರುಮಾಡಿದರು: ಅಂದು ಮಾತಾಡಿಸಿದ ಮಕ್ಕಳನ್ನೇ ಹುಡುಕಿ, ದೊಡ್ಡವರಾದ ಮೇಲೆ ಮತ್ತೆ ಮಾತಾಡಿಸುವುದು. ಕಿವಿಯಮ್ಮನಿಗೆ ಜೀವ ಬಂದಂತಾಯಿತು. ಒಂದೊಂದು ದನಿ ತೆರೆಯುವಾಗಲೂ ಅವಳೇ ಇರಬಹುದೇ ಎಂದು ಕಿವಿಗೊಡುತ್ತಿದ್ದಳು. ಒಬ್ಬ ಲಾರಿ ಡ್ರೈವರನಾಗಿದ್ದ. ಮೀಸೆ ಬಂದರೂ ಮೂಗು ಸೊರಸೊರ ಮಾಡುವುದು ಬಿಟ್ಟಿರಲಿಲ್ಲ, ಅದರಿಂದಲೇ ಗುರುತು ಸಿಕ್ಕಿತು. ಆದರೆ ಆ ಹುಡುಗಿ ಬರಲಿಲ್ಲ. ವಿಳಾಸ ಸಿಗದವರು ಬಹಳ ಮಂದಿ ಎಂದರು.

ಅವಳ ನಿವೃತ್ತಿಗೆ ಕೆಲವೇ ದಿನವಿತ್ತು. ಒಂದು ಬೆಳಿಗ್ಗೆ ಒಬ್ಬ ಹೆಂಗಸಿನ ದನಿ ಬಂತು. ದಣಿದ, ತಗ್ಗಿದ ದನಿ, ಪರಿಚಯವೇ ಇಲ್ಲ. ಈಗ ಏನು ಮಾಡಿಕೊಂಡಿದ್ದೀರಿ ಎಂದು ಸಂಶೋಧಕಿ ಕೇಳಿದಳು.

"ತಡೀರಿ, ಹೇಳ್ತೀನಿ."

ಕಿವಿಯಮ್ಮನ ಬಲಗಾಲು ಬರೀ ನೆಲವನ್ನು ಒತ್ತಿ ಹಿಡಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸವಂತೆ. ತಮ್ಮ ಈಗ ತನಗಿಂತ ಉದ್ದವಂತೆ. ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಎಂದಾಗ, ಆ ಪೆಟ್ಟಿಗೆಯೊಳಗಿನ ಆಂಟಿ ಇನ್ನೂ ಇದ್ದಾರಾ ಎಂದು ಕೇಳಿದಳು. ಯಾವ ಆಂಟಿ ಎಂದು ಸಂಶೋಧಕಿಗೆ ತಿಳಿಯಲಿಲ್ಲ. ಕುರ್ಚಿ ಸರಿದ ಸದ್ದಾಯಿತು.

"ಆಂಟಿ, ಯಾರಿಗೂ ಹೇಳ್ಬೇಡಿ ಅಂದಿದ್ದೆ. ನೀವು ಹೇಳಿಬಿಟ್ರಿ. ಕನ್ನಡಕದ ಮೇಡಂ ಒಬ್ರು ಮನೆಗೆ ಬಂದು ಅಮ್ಮನ್ನ ಒಪ್ಪಿಸಿದ್ರು. ತಮ್ಮನೂ ಶಾಲೆಗೆ ಬಂದು ನನ್ನ ಪಕ್ಕದಲ್ಲೇ ಕೂತ್ಕೊಳ್ತಿದ್ದ. ನಿಮ್ಮ ಮೇಲೆ ತುಂಬ ದಿನ ಕೋಪ ಇತ್ತು ನಂಗೆ." ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ಹೇಳಿದ್ದೇ ಒಳ್ಳೇದಾಯ್ತು, ಆಂಟಿ."

ಆ ಸುಮ್ಮನಿದ್ದದ್ದನ್ನು ಕಂಪ್ಯೂಟರು ಬಿಟ್ಟುಬಿಟ್ಟಿತ್ತು. ಕಿವಿಯಮ್ಮ ಕಣ್ಣೊರೆಸಿಕೊಂಡು ಅದನ್ನು ತುಂಬಿದಳು.

ಸಂಜೆ ಮನೆಗೆ ಬಂದಾಗ ಗಂಡ ಅಭ್ಯಾಸಬಲದಿಂದ, ಇವತ್ತು ಯಾವ ಮಗು ಏನು ಹೇಳಿತು ಎಂದ. ಉತ್ತರ ಬರುವುದಿಲ್ಲವೆಂದು ಆಗಲೇ ಪೇಪರಿನ ಕಡೆ ತಿರುಗಿದ್ದ.

"ಒಂದು ಮಗು ಇತ್ತು ಕಣ್ರೀ," ಎಂದಳು ಕಿವಿಯಮ್ಮ. "ಒಳ್ಳೇದಾಯ್ತು ಅಂತು."

ಆ ಮಾತಿನ ಮಲ್ಲ ಪೇಪರು ಮಡಿಸಿಟ್ಟು, ಒಂದೂ ಮಾತಾಡದೆ, ಅವಳ ಪಕ್ಕದಲ್ಲಿ ಬಂದು ಕೂತ.