ಆಯಿ ಕುಣಿಸಿದ ನೀರು

ಮೊನ್ನೆ ಸಿಂಧನೂರಿನಲ್ಲಿ ಒಂದು ಮನೆಯ ಪಾಯಾದ ಮಟ್ಟ ನೋಡುತ್ತಿದ್ದೆ. ಲೆವೆಲ್ ಪೈಪಿನೊಳಗಿನ ನೀರು ಮೇಲೆ ಕೆಳಗೆ ಆಡುತ್ತಲೇ ಇತ್ತು, ನಿಲ್ಲಲೊಲ್ಲದು. ಗೌಂಡಿ ಆದವನು ನೀರು ನಿಲ್ಲುವ ತನಕ ಉಸಿರು ಹಿಡಿದು ಕಾಯಬೇಕು. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಆದರೂ ಮಸ್ಕಿಯಿಂದ ಇಲ್ಲಿಯ ತನಕ ನಾನು ಕಟ್ಟಿದ ಗೋಡೆ ಒಂದೂ ವಾಲಿಲ್ಲ. ಅವತ್ತು ಆ ಪೈಪು ಹಿಡಿದು ನಿಂತಾಗ ಸಂತೆಕಲ್ಲೂರಿನ ನಮ್ಮ ಮಣ್ಣಿನ ಮಾಳಿಗೆ ಮನೆ ಕಣ್ಣಿಗೆ ಕಟ್ಟಿತು. ಅದರ ಪಡಸಾಲೆಯಲ್ಲಿ ಕುಳಿತು ಉಣ್ಣುವ ಗಂಗಾಳದ ನೀರನ್ನು ಮನಸ್ಸಿನಿಂದಲೇ ಕುಣಿಸುತ್ತಿದ್ದ ಆಯಿ, ನಮ್ಮಪ್ಪನ ತಾಯಿ, ನೆನಪಾದಳು.

ಆ ಮನೆಯ ಹನ್ನೊಂದು ಮಂದಿಗೂ ರೊಟ್ಟಿ ಬಡಿಯುವವಳು ಆಯಿ. ಒಲೆಯ ಮುಂದಿನ ಜಾಗ ಅವಳದು. ನಮ್ಮವ್ವನಿಗೂ ಅಲ್ಲಿ ಕೂಡ್ರುವ ಧೈರ್ಯ ಇರಲಿಲ್ಲ. ಅಂಗೈಯ ಪಟಪಟ, ಹಂಚಿನ ರೊಟ್ಟಿಗೆ ಒದ್ದೆ ಕೈ ಸವರಿದಾಗ ಚುರ್ ಎಂದು ಏಳುವ ಬಿಳಿಜೋಳದ ವಾಸನೆ, ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಅದನ್ನು ನಾನು ಹೇಳಬೇಕಿಲ್ಲ. "ನನ್ನ ರೊಟ್ಟಿ ತಿಂದವ ಮಂದಿ ಮನಿ ರೊಟ್ಟಿಗೆ ಮಾರಿ ಕಿವುಚ್ತಾನ" ಎಂಬುದು ಅವಳ ಜಂಬ. ಒಂದು ಮಧ್ಯಾಹ್ನ ಉಂಡು, ಕೈ ತೊಳೆಯಲು ಗಂಗಾಳದಲ್ಲಿ ನೀರು ಹಿಡಿದು ಕುಳಿತಿದ್ದಳು. ನೀರಿನ ಮೇಲೆ ಸಣ್ಣ ಸಣ್ಣ ಗೆರೆಗಳು ಓಡಾಡುತ್ತಿದ್ದವು.

"ಆಯಿ, ನೀರ್ಯಾಕ ಕುಣಿಯಾಕತ್ತದ?"

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. "ನಾನ ಕುಣಿಸಾಕತ್ತೀನಿ, ಮನಸಿನ್ಲೆ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ನನಗೂ ಕಲಿಸು."

"ಅದಕ್ಕ ಮನಸು ಗಟ್ಟಿ ಬೇಕಲೇ. ನಿಂದು ಇನ್ನಾ ಗೋಲಿ ಆಟದಾಗ ಅದ."

ನನಗೆ ಆಗ ಎಂಟು ವರ್ಷ. ಗೋಲಿ ಬಿಟ್ಟೆ. ಗಂಗಾಳ ಮುಂದಿಟ್ಟುಕೊಂಡು, ನೀರಿನ ಮೇಲೆ ಜೋಳದ ಹೊಟ್ಟು ತೇಲಿಬಿಟ್ಟು, ಉಸಿರು ತಾಕದಂತೆ ಮೂಗು ಮುಚ್ಚಿ ದಿಟ್ಟಿಸಿದೆ. ಎಮ್ಮೆ ಕುಡಿಯುವ ಬಾನಿಯ ಮುಂದೆ ಕೂತು ನೋಡಿದೆ, ಎಮ್ಮೆ ನನ್ನನ್ನು ನೋಡಿತು, ನೀರು ಅಲ್ಲಾಡಲಿಲ್ಲ. ಆಯಿಯ ನೀರೂ ಕೈಯಲ್ಲಿದ್ದಾಗ ಮಾತ್ರ ಕುಣಿಯುತ್ತದೆ ಎಂದು ಕಂಡುಹಿಡಿದು ಕೇಳಿದರೆ, "ನೆಲಕ್ಕಿಟ್ರ ಭೂಮಿತಾಯಿ ಹಿಡಕೊಂತಾಳ" ಅಂದಳು. ಅವಳು ರೊಟ್ಟಿ ಬಡಿಯುವಾಗ ಕೈಗಳು ಚಕ್ರದ ಹಾಗೆ ಒಂದೇ ಸಮ ತಿರುಗುತ್ತಿದ್ದುದನ್ನೂ ನೋಡಿದ್ದೆ. ಆಗ ಮನಸ್ಸು ರೊಟ್ಟಿಯ ಮೇಲಿರುತ್ತದೆ ಎಂದು ನಾನೇ ಲೆಕ್ಕ ಹಾಕಿಕೊಂಡೆ.

ಒಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಕಾಕಾ ನನ್ನನ್ನು ಕಂಡು ನಕ್ಕ. "ಏನಲೇ, ಗಂಗಾಳದಾಗ ಹೆಣ್ತಿ ಹುಡುಕಾಕತ್ತಿ ಏನು?" ಮಂದಿಯೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ನೀರು ಕುಣಿಸೋದು ಕಲಿಯಾಕತ್ತೀನಿ. ಆಯಿಗೆ ಬರ್ತದ, ನೋಡ್ರಿ ಬೇಕಾದ್ರ!" ಎಂದು ತುಂಬಿದ ಗಂಗಾಳವನ್ನು ಅವಳ ಕೈಗಿಟ್ಟೇಬಿಟ್ಟೆ. ನೀರು ಕುಣಿಯಿತು. ಅಂಚು ದಾಟಿ ಅವಳ ಸೀರೆಯ ಮೇಲೆ ಚೆಲ್ಲಿತು. "ನೋಡ್ರಿ, ನೋಡ್ರಿ!" ಎಂದು ನಾನು ಕೂಗುತ್ತಿದ್ದೆ, ಯಾರೂ ನಗಲಿಲ್ಲ. ಅಪ್ಪ ಎದ್ದು ಬಂದು ಅವಳ ಎರಡೂ ಮುಂಗೈ ಹಿಡಿದ. ನೀರು ನಿಂತಿತು.

"ಯಾವಾಗಿಂದ್ಬೇ?"

"ಏನ್ ಯಾವಾಗಿಂದ? ಹುಡುಗ ಆಟ ಆಡಾಕತ್ತಾನ" ಅಂದಳು ಆಯಿ. ಅಪ್ಪ ಕೈ ಬಿಡಲಿಲ್ಲ.

ಮರುದಿನ ಮುಂಜಾನೆ ಒಲೆಯ ಮುಂದೆ ಅವ್ವ ಕೂತಿದ್ದಳು. "ಕೈ ನಡುಗಿ ಸುಟ್ಕೊಂಡ್ರ ಹೆಂಗ್ರೀ ಅತ್ತಿ, ಸುಮ್ಮ ಕುಂದರ್ರಿ ಇನ್ನ" ಅಂದಳು. ಅಕ್ಕರೆಯಿಂದಲೇ ಅಂದಳು. ಆಯಿ ಪಡಸಾಲೆಗೆ ಬಂದು ಕೂತಳು. ಕೆಲಸವಿಲ್ಲದ ಕೈ ದಿನದಿಂದ ದಿನಕ್ಕೆ ಹೆಚ್ಚು ನಡುಗಿತು. ಹಿಟ್ಟು ಮುಟ್ಟಿದರೆ ಆ ಕೈ ನಡುಗುವುದಿಲ್ಲ ಎಂಬುದನ್ನು ನೋಡಿ ಇಟ್ಟುಕೊಂಡವನು ಮನೆಯಲ್ಲಿ ನಾನೊಬ್ಬನೇ. ಹೇಳಬಾರದ್ದನ್ನು ಕೂಗಿ ಹೇಳಿದವನಿಗೆ ಇದನ್ನು ಹೇಳಬೇಕೆಂದು ತೋಚಲಿಲ್ಲ.

ಚೆಲ್ಲದಿರಲಿ ಎಂದು ಎಲ್ಲರೂ ಅವಳಿಗೆ ಅರ್ಧ ತಂಬಿಗೆ ನೀರು ಕೊಡತೊಡಗಿದರು. ಒಂದು ದಿನ ನಾನೂ ಹಾಗೇ ಒಯ್ದೆ. ಆಯಿ ತಂಬಿಗೆಯೊಳಗೆ ಇಣುಕಿದಳು.

"ಅರ್ಧ ಯಾಕ ತಂದಿ? ತುಂಬಿ ತಾ. ಚೆಲ್ಲಿದ್ರ ಚೆಲ್ಲಲಿ."

ಅವಳಿರುವ ತನಕ ನಾನು ತುಂಬಿಯೇ ಕೊಟ್ಟೆ. ಕುಡಿದಷ್ಟೇ ಚೆಲ್ಲುತ್ತಿತ್ತು. ಮಾಳಿಗೆ ಬಿದ್ದು, ಜಾಗ ಪಾಲಾಗಿ, ಈಗ ಅಲ್ಲಿ ಬೇರೆಯವರ ಸಿಮೆಂಟಿನ ಮನೆ ಇದೆ. ಆಯಿ ಇದ್ದ ಆ ದಿನಗಳಲ್ಲಿ, ಎಂಥ ಬಿರುಬೇಸಿಗೆಯಲ್ಲೂ, ಪಡಸಾಲೆಯ ಮಣ್ಣುನೆಲದಲ್ಲಿ ಅವಳ ಮುಂದಿನ ಒಂದು ಗೇಣು ಜಾಗ ಒಣಗುತ್ತಿರಲಿಲ್ಲ.