ತೂಗುಸೇತುವಿ ಮ್ಯಾಲಿನ ಮಣ್ಣು

ಅಂಜಿಕಿ ಎದಿಯೊಳಗ ಇರತೈತಿ ಅಂತ ನಾವು ತಿಳಕೊಂಡಿದ್ವಿ. ಮೊನ್ನೆ ಡಾಕ್ಟರ್ ಆದ ನನ್ನ ಮೊಮ್ಮಗಳು ಹೇಳಿದ್ಲು, ಮೆದುಳಿನಾಗ ಅಮಿಗ್ಡಲಾ ಅಂತ ಬದಾಮಿ ಬೀಜದಷ್ಟು ಒಂದು ಜಾಗಾ ಐತಂತ, ಒಮ್ಮಿ ಅಂಜಿಸಿದ್ದನ್ನ ಅದು ಗಟ್ಟಿಯಾಗಿ ಹಿಡಕೊಂಡು ಕುಂಡ್ರತೈತಂತ. ಇರಲಿ. ನನ್ನ ಬದಾಮಿ ಬೀಜ ಹಿಡಕೊಂಡಿದ್ದು ಗೋಕಾಕ ಫಾಲ್ಸಿನ ಮಿಲ್ಲಿನ ಭೋಂಗಾದ ಕೂಗು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿರಬೇಕು. ನಮ್ಮ ಮನಿ ಹೊಳಿ ಈಚಿ ದಂಡಿಗೆ. ಆಚಿ ದಂಡಿ ಸಾಲ್ಯಾಗ ನನಗ ಅಕ್ಕೋರ ನೌಕರಿ ಸಿಕ್ಕಿತ್ತು. ಸಾಲಿ ನೋಡಿ ಬರೂಣು ಅಂತ ಹೊಂಟು ತೂಗುಸೇತುವಿ ನಡುವ ಇದ್ದೆ, ಪಾಳಿ ಬಿಡೋ ಭೋಂಗಾ ಕೂಗ್ತು. ಮಿಲ್ಲಿನ ಮಂದಿ ದಡದಡ ಓಡಿ ಬಂದ್ರು. ಸೇತುವಿ ತೊಟ್ಟಿಲದಂಗ ತೂಗಾಕ ಹತ್ತಿತು, ಕೆಳಗ ಧುಮುಕೋ ನೀರು. ನಾ ಹಲಗಿ ತಬ್ಬಿಕೊಂಡು ಮಲಗಿಬಿಟ್ಟೆ. ಯಾರೋ ಪುಣ್ಯಾತ್ಮರು ಎಬ್ಬಿಸಿ ಈಚಿಗೆ ತಂದು ಬಿಟ್ರು.

ಆಮ್ಯಾಲ ಸೇತುವಿ ಮಾತು ದೂರ ಉಳೀತು, ಭೋಂಗಾ ಕೂಗಿದ್ರ ಸಾಕು, ಮನಿಯೊಳಗ ಕುಂತಲ್ಲೇ ಕೈಯಾಗಿನ ರೊಟ್ಟಿ ನೆಲಕ್ಕ. "ಸೋಮವಾರ ಹಾಜರಾಗಲಿಲ್ಲಂದ್ರ ನೌಕರಿ ಹೋತು. ಮದಿವಿ ಮಾಡಿ ಕಳಿಸಿಬಿಡ್ತೇನಿ" ಅಂದ ಅಪ್ಪ. ಇಷ್ಟು ದಿನ ಸಾಲಿ ಕಲಿತಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗಾತಲ್ಲ ಅಂತ ಭಾಳ ಅತ್ತೆ.

ಆಗ ಹುಕ್ಕೇರಿಯಿಂದ ಅವ್ವನ ತಂಗಿ ಬಂದ್ಲು, ನಮ್ಮ ಚಿಗವ್ವ. ಬಾಯಿ ಜೋರು. ಅಂಜಿದ ಜಾಗಾದ ಮಣ್ಣು ಎದಿಗೆ ಹಚ್ಚಿದ್ರ ಅಂಜಿಕಿ ಇಳೀತೈತಿ ಅಂತ ನಮ್ಮ ಮನಿ ಹಿರ್‍ಯಾರ ನಂಬಿಕಿ. ಆ ಮಣ್ಣು ನಾ ಹಚ್ಚತೇನಿ ಅಂದ್ಲು ಚಿಗವ್ವ.

"ನಾ ಅಂಜಿದ್ದು ಹಲಗಿ ಮ್ಯಾಲ. ಅಲ್ಲೆಲ್ಲಿ ಮಣ್ಣು, ಚಿಗವ್ವಾ?"

"ಊರ ಮಂದಿ ತುಳದಾಡೋ ಹಲಗಿ, ಮಣ್ಣಿಗೇನು ಬರ? ನೀ ಬಿದ್ದ ಹಲಗಿ ಯಾವುದಂತ ನನಗೇನು ಕನಸು ಬೀಳತೈತೇನು? ನಡಿ, ತೋರಿಸು."

ಸೋಮವಾರ ಮುಂಜಾನೆ ನನ್ನ ರಟ್ಟಿ ಹಿಡದು ಬೈಕೋತ ನಡಸಿದ್ಲು. ಹಲಗಿ ಸಂದ್ಯಾಗಿನ ಧೂಳು ಕೆದರಿ ಎದಿಗೆ ಹಚ್ಚೋದ್ರಾಗ ಭೋಂಗಾ ಕೂಗ್ತು. ಮಂದಿ ಬಂದ್ರು, ಸೇತುವಿ ತೂಗ್ತು. ಚಿಗವ್ವ ಕಣ್ಣು ಮುಚ್ಚಿ ನನ್ನ ಅವುಚಿಕೊಂಡು "ಅಂಜಬ್ಯಾಡ, ಅಂಜಬ್ಯಾಡ" ಅನ್ನಾಕತ್ತಿದ್ಲು. ಆಕಿ ಹಲ್ಲು ಕಟಕಟ ಅನ್ನೋದು ನನ್ನ ಕಿವ್ಯಾಗ ಕೇಳತಿತ್ತು. ಮಂದಿ ದಾಟಿ ಹೋದ್ರು. ನಮಗೇನೂ ಆಗಲಿಲ್ಲ. ಹಿಂಗ ಏನೂ ಆಗಲಿಲ್ಲ ಅನ್ನೋದನ್ನೂ ಆ ಬದಾಮಿ ಬೀಜ ನಿಧಾನಕ್ಕ ಕಲೀತೈತಂತ.

ಸಾಲಿ ಬಾಗಿಲಿಗೆ ಮುಟ್ಟಿದ ಮ್ಯಾಲ ಕೇಳಿದೆ, "ಚಿಗವ್ವಾ, ನೀ ಮೊದಲ ಎಂದಾದ್ರೂ ಈ ಸೇತುವಿ ದಾಟಿದ್ದೇನು?"

"ನಾ ಯಾಕ ದಾಟಲಿ? ನನಗ ಜೋಕಾಲಿ ನೋಡಿದ್ರನ ತಲಿ ತಿರಗತೈತಿ. ನೀ ಒಳಗ ಹೋಗು" ಅಂದು ಸೆರಗು ಸಿಗಿಸಿಕೊಂಡ್ಲು.

ಹುಡುಗೂರು "ಅಕ್ಕೋರೀ" ಅಂತ ಕರಿಯಾಕತ್ತಿದ್ರು. ನಾ ಸೇತುವಿ ಕಾಣೋ ಕಿಟಕಿ ಬಿಟ್ಟು ಸರೀಲಿಲ್ಲ. ಚಿಗವ್ವ ಎರಡೂ ಕೈಲಿ ತಂತಿ ಹಿಡಕೊಂಡು, ಒಬ್ಬಾಕಿನ, ಒಂದೊಂದ ಹಲಗಿ ದಾಟಿ ಮನಿಗೆ ಹೊಂಟಿದ್ಲು.