ನೀರುನಾಯಿ ನೋಡಲು ಹೋದ ಶನಿವಾರ

ಬೆಳಿಗ್ಗೆ ಆರೂಕಾಲಿಗೆ ಚನ್ನಪಟ್ಟಣ ಬಿಟ್ಟಾಗಲೇ ಸೋನೆ ಹಿಡಿದಿತ್ತು. ನಾನು, ನನ್ನಕ್ಕ ಜಯಕ್ಕ ಇಬ್ಬರೂ ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದು, ರಾಮನಗರದಲ್ಲಿ ಬಸ್ ಬದಲಿಸಿ, ಎಂಟೂವರೆಗೆ ಕನಕಪುರ ತಲುಪಿದೆವು. ಅಕ್ಕ ವಿರೂಪಾಕ್ಷಿಪುರದ ಕಡೆ ಮೂವತ್ತು ವರ್ಷ ಪ್ರೈಮರಿ ಶಾಲೆಯ ಮೇಡಂ ಆಗಿದ್ದವಳು. ಕಾವೇರಿಯಲ್ಲಿ ನೀರುನಾಯಿಗಳಿವೆ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳಿದ್ದಳು, ತಾನು ಮಾತ್ರ ಒಂದನ್ನೂ ನೋಡಿರಲಿಲ್ಲ. ರಿಟೈರ್ ಆದ ಮೇಲೆ ಅದೇ ಧ್ಯಾನ. ನನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿಸಿ ಹೊರಡಿಸಿದ್ದಳು.

ಕನಕಪುರದಲ್ಲಿ ಬಿಸಿ ತಟ್ಟೆ ಇಡ್ಲಿ ತಿಂದು, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಬಸ್ಸು ಹತ್ತಿದೆವು. ಹೊಳೆ ಸೇರುವಷ್ಟರಲ್ಲಿ ಮಳೆ ಬಲವಾಗಿತ್ತು. ಪ್ರವಾಸಿಗರ ಸುಳಿವಿಲ್ಲ, ಅಂಗಡಿಗಳಿಗೆ ಟಾರ್ಪಾಲು ಮುಚ್ಚಿತ್ತು. ದಡದಲ್ಲಿ ಬುಟ್ಟಿಯಂಥ ದುಂಡು ತೆಪ್ಪಗಳನ್ನು ಬೋರಲು ಹಾಕಿದ್ದರು. ಒಂದರ ಅಡಿಯಲ್ಲಿ ಐವತ್ತರ ಆಸುಪಾಸಿನ ಅಂಬಿಗ ಸಿದ್ದಪ್ಪ ಕೂತಿದ್ದ.

“ಈ ಮಳೇಲಿ ಏನೂ ಕಾಣಾಕಿಲ್ಲ ಕಣವ್ವ. ಎಲ್ಲ ಬಿಲ ಸೇರ್ಕಂಡಿರ್ತವೆ” ಎಂದ.

“ಅಷ್ಟು ದೂರದಿಂದ ಬಂದಿದೀವಪ್ಪ. ಒಸಿ ದೂರ ಹೋಗಿ ಬರೋಣ” ಎಂದಳು ಅಕ್ಕ.

ಅವನು ಮನಸ್ಸಿಲ್ಲದ ಮನಸ್ಸಿನಿಂದ ತೆಪ್ಪ ಮಗುಚಿದ. ಲೈಫ್ ಜಾಕೆಟ್ ಇರಲಿಲ್ಲ. ನಾವೂ ಕೇಳಲಿಲ್ಲ.

ಒಂದು ಗಂಟೆ ಸುತ್ತಿದರೂ ಕಂಡದ್ದು ನೆನೆದು ಮುದುರಿದ ಒಂದು ನೀರುಕಾಗೆ. ಮೊಸಳೆ ಎಂದುಕೊಂಡದ್ದು ಮರದ ದಿಮ್ಮಿಯಾಗಿತ್ತು. ಹೊಳೆ ನಡುವಿನ ದೊಡ್ಡ ಬಂಡೆಯ ಮೇಲೆ ನೀರುನಾಯಿಗಳು ಮೀನು ತಿನ್ನಲು ಬರುತ್ತವೆಂದು ಹೇಳಿ ಸಿದ್ದಪ್ಪ ನಮ್ಮನ್ನು ಅಲ್ಲಿ ಇಳಿಸಿದ. ಮೀನಿನ ಮುಳ್ಳು, ಹುರುಪೆ, ಕೆಟ್ಟ ನಾತ. ಅಷ್ಟೇ. ಒಂದೇ ಕೊಡೆಯಡಿ ಇಬ್ಬರೂ ಹತ್ತು ನಿಮಿಷ ನಿಂತೆವು.

ಸಿದ್ದಪ್ಪ ನೀರನ್ನೇ ನೋಡುತ್ತಿದ್ದ. ಹಸಿರಾಗಿದ್ದ ನೀರು ಕೆಂಪಾಗುತ್ತ ಬಂದಿತ್ತು.

“ಹತ್ತಿ, ಬೇಗ ಹತ್ತಿ.”

“ಇನ್ನೊಸಿ ಹೊತ್ತು ಇರಿ. ಈಗ ಬಂದರೂ ಬಂದಾವು” ಎಂದಳು ಅಕ್ಕ.

ಅವನು ಅವಳ ರಟ್ಟೆ ಹಿಡಿದು ತೆಪ್ಪಕ್ಕೆ ಎಳೆದ. ನಾನು ದಂಗಾದೆ. “ಕೈ ಬಿಡಿ” ಎಂದು ಅಕ್ಕ ಗದರಿದಳು. ಅವನು ಬಿಡಲಿಲ್ಲ. ನಾನೂ ಹಿಂದೆಯೇ ಹತ್ತಿದೆ.

ಹತ್ತು ಮಾರು ಹೋಗುವಷ್ಟರಲ್ಲಿ ತೆಪ್ಪ ಗಿರಗಿರನೆ ತಿರುಗಿತು. ಬೇರು ಸಮೇತ ಒಂದು ಮರ ನಮ್ಮನ್ನು ಸವರಿಕೊಂಡು ಹೋಯಿತು. ಪಾದ ಮುಳುಗುವಷ್ಟು ನೀರು ಒಳಗೆ ಬಂತು. ಬೈಯುತ್ತಿದ್ದ ಅಕ್ಕ ಬಾಯಿ ಮುಚ್ಚಿ, ಮಧ್ಯಾಹ್ನಕ್ಕೆಂದು ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಹೊಳೆಗೆ ಸುರಿದು, ಆ ಡಬ್ಬಿಯಲ್ಲೇ ನೀರು ಗೋರತೊಡಗಿದಳು. ನಾನು ಅಂಚನ್ನು ಹಿಡಿದು ಕೂತಿದ್ದೆ, ಬೇರೇನೂ ಮಾಡಲಾಗಲಿಲ್ಲ. ಸಿದ್ದಪ್ಪ ಹುಟ್ಟು ಹಾಕಿ ಹಾಕಿ, ಒಂದಷ್ಟು ಕೆಳಗೆ ದಡದ ಮುಳ್ಳುಪೊದೆಗೆ ತೆಪ್ಪ ತಾಗಿಸಿದ.

ದಡ ಹತ್ತಿದವನೇ ಕೆಸರಿನಲ್ಲಿ ಕುಸಿದು ಕೂತ.

“ಮೇಲ್ಗಡೆ ಜೋರು ಮಳೆ ಬಂದೈತೆ. ನಿಮ್ಮನ್ನ ಕರ್ಕಂಡು ಹೋಗಬಾರದಿತ್ತು. ನಂಗೂ ಈಜು ಬರಾಕಿಲ್ಲ ಕಣವ್ವ.”

ತಿರುಗಿ ನೋಡಿದೆ. ಬಂಡೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪು ನೀರು ನೊರೆ ಕಾರುತ್ತ ಸುಳಿ ಸುತ್ತುತ್ತಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಒದ್ದೆ ಸೀರೆಯಲ್ಲೇ ಕೂತು ಬಂದೆವು. ಅಕ್ಕನ ರಟ್ಟೆಯ ಮೇಲೆ ಬೆರಳಿನ ಗುರುತು ನೀಲಿಗಟ್ಟಿತ್ತು. ಕನಕಪುರದಲ್ಲಿ ಬಸ್ ನಿಂತಾಗ, “ಇನ್ನೊಸಿ ಹೊತ್ತು ಅಂದದ್ದು ನಾನೇ ಅಲ್ವೇನೇ?” ಎಂದಳು.

“ನಾನೂ ಬೇಡ ಅನ್ನಲಿಲ್ಲವಲ್ಲ ಅಕ್ಕ” ಎಂದೆ.